ವಿಂಡೋಸ್ 11ರ ವರ್ಚುವಲ್ ಮೆಮೊರಿ: 32 ಜಿಬಿ ರ‍್ಯಾಮ್ ಇದ್ದರೂ ಬೇಕೇ?

ಬೇಕು. ರ‍್ಯಾಮ್ ಧಾರಾಳವಾಗಿದೆ ಎಂದು ಪೇಜ್‌ಫೈಲ್ (ವರ್ಚುವಲ್ ಮೆಮೊರಿಗಾಗಿ ವಿಂಡೋಸ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳುವ ಫೈಲ್) ತೆಗೆದುಹಾಕಿದರೆ ವೇಗವೇನೂ ಹೆಚ್ಚುವುದಿಲ್ಲ. ಪ್ರೋಗ್ರಾಮ್‌ಗಳು ನಿಜಕ್ಕೂ ಬಳಸುವುದಕ್ಕಿಂತ ಹೆಚ್ಚು ಮೆಮೊರಿಯನ್ನು ಮುಂಗಡವಾಗಿ ಕೇಳಿಟ್ಟುಕೊಳ್ಳುತ್ತವೆ. ಪೇಜ್‌ಫೈಲ್ ಇಲ್ಲದಿದ್ದರೆ ಆ ಲೆಕ್ಕವೆಲ್ಲ ರ‍್ಯಾಮ್ ಮೇಲೇ ಬಿದ್ದು, ಜಾಗ ಖಾಲಿ ಇರುವಾಗಲೂ 'ಔಟ್ ಆಫ್ ಮೆಮೊರಿ' ಬರಬಹುದು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ 'ಕಮಿಟೆಡ್' ನೋಡಿ: ಮೊದಲ ಅಂಕಿ (ಕೇಳಿಟ್ಟುಕೊಂಡದ್ದು) ಎರಡನೆಯದರ (ಒಟ್ಟು ಮಿತಿ) ಹತ್ತಿರ ಬಂದರೆ ಅಪಾಯ.

ಸಿ ಡ್ರೈವ್‌ನಲ್ಲಿ ಜಾಗವಿದ್ದರೆ 'ಆಟೋಮ್ಯಾಟಿಕ್' ಟಿಕ್ ಹಾಗೇ ಇರಲಿ, ಈ ವಿಷಯದಲ್ಲಿ ವಿಂಡೋಸ್ ಜಾಣ. ಎಸ್‌ಎಸ್‌ಡಿ ಚಿಕ್ಕದಾಗಿ ಇಕ್ಕಟ್ಟಾದರೆ ಮಾತ್ರ ಸಿಸ್ಟಮ್ ಪ್ರಾಪರ್ಟೀಸ್, ಅಡ್ವಾನ್ಸ್‌ಡ್, ಪರ್ಫಾರ್ಮೆನ್ಸ್ ಸೆಟ್ಟಿಂಗ್ಸ್, ಮತ್ತೆ ಅಡ್ವಾನ್ಸ್‌ಡ್, ಚೇಂಜ್ (ಇಷ್ಟು ಆಳದಲ್ಲಿ ಯಾಕೆ ಹೂತಿಟ್ಟರೋ!). ಅಲ್ಲಿ 'ಆಟೋಮ್ಯಾಟಿಕ್' ಟಿಕ್ ತೆಗೆದು, ಕಸ್ಟಮ್ ಸೈಜ್‌ನಲ್ಲಿ ಆರಂಭಿಕ ಗಾತ್ರ 4096, ಗರಿಷ್ಠ 16384 ಎಂಬಿ ಕೊಡಿ. 'ಸೆಟ್' ಒತ್ತದೆ ಓಕೆ ಕೊಟ್ಟರೆ ಬದಲಾವಣೆ ಉಳಿಯದು. ಪೂರ್ತಿ ತೆಗೆದವರಿಗೆ ಬ್ಲೂ ಸ್ಕ್ರೀನ್ ಬಂದಾಗ ಸಾಮಾನ್ಯವಾಗಿ ಡಂಪ್ ಫೈಲೂ (ಕಾರಣ ಹುಡುಕಲು ನೆರವಾಗುವ ದಾಖಲೆ) ಸಿಗುವುದಿಲ್ಲ.