ಪಾಲಿಪ್ ತೆಗೆದ ಗಾಯಕ್ಕೆ ರೆಸಲ್ಯೂಷನ್ 360 ಕ್ಲಿಪ್: ಎಲ್ಲಿ ಬೇಕು, ಎಲ್ಲಿ ಬೇಡ

ದೊಡ್ಡಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟು, ಅಂದರೆ ಪಾಲಿಪ್ ತೆಗೆದಾಗ ರಕ್ತಸ್ರಾವ ಎರಡು ಸಲ ಕಾಡಬಹುದು: ತಂತಿಯ ಕುಣಿಕೆ ಬಿಗಿದು ಕತ್ತರಿಸಿದ ಆ ಗಳಿಗೆಯಲ್ಲಿ ಒಮ್ಮೆ, ರೋಗಿ ಮನೆ ಸೇರಿ ನಿರಾಳವಾದ ಮೇಲೆ, ಸಾಮಾನ್ಯವಾಗಿ ಎರಡು ವಾರಗಳೊಳಗೆ, ಇನ್ನೊಮ್ಮೆ. ಮೊದಲನೆಯದು ನಮ್ಮ ಕಣ್ಣೆದುರಿಗೇ ಆಗುವುದರಿಂದ ಕೈಯಲ್ಲಿರುವ ಸಲಕರಣೆಯಿಂದ ಹೆಚ್ಚಾಗಿ ನಿಲ್ಲುತ್ತದೆ. ಎರಡನೆಯದು ನಡುರಾತ್ರಿಯ ಫೋನ್ ಕರೆಯಾಗಿ ಬರುತ್ತದೆ. ಬಾಸ್ಟನ್ ಸೈಂಟಿಫಿಕ್ ಕಂಪನಿಯ ರೆಸಲ್ಯೂಷನ್ 360 ಎಂಬ, ರಕ್ತನಾಳವನ್ನೋ ಗಾಯದ ಅಂಚುಗಳನ್ನೋ ಕಚ್ಚಿ ಹಿಡಿಯುವ ಪುಟ್ಟ ಲೋಹದ ಕ್ಲಿಪ್ಪನ್ನು ಈ ಎರಡಕ್ಕೂ ಬಳಸುವ ಎಂಡೋಸ್ಕೋಪಿ ವೈದ್ಯನಾಗಿ ಈ ವಿಮರ್ಶೆ ಬರೆಯುತ್ತಿದ್ದೇನೆ.

235 ಸೆಂ.ಮೀ. ಉದ್ದದ ತೆಳು ಕೊಳವೆಯ ತುದಿಯಲ್ಲಿ ಕೂತು, ಕೊಲೊನೋಸ್ಕೋಪಿನ (ದೊಡ್ಡಕರುಳಿನೊಳಗೆ ನೋಡುವ ಕ್ಯಾಮೆರಾ ಕೊಳವೆ) ನಾಳದ ಮೂಲಕ ಸಾಗುವ ಈ ಕ್ಲಿಪ್ ಬಾಯಿ ತೆರೆದರೆ 11 ಮಿ.ಮೀ. ಅಗಲವಾಗುತ್ತದೆ. ಇದರಲ್ಲಿ ನಾನು ಹೆಚ್ಚು ಮೆಚ್ಚುವ ಗುಣವೆಂದರೆ, ಒಮ್ಮೆ ಕಚ್ಚಿಸಿದ ಮೇಲೂ ಕಳಚುವ ಮುನ್ನ ಮತ್ತೆ ತೆರೆದು ಜಾಗ ಸರಿಪಡಿಸಿಕೊಳ್ಳಬಹುದು. ರಕ್ತ ಮಡುಗಟ್ಟಿ ಪರದೆಯೆಲ್ಲ ಕೆಂಪಾಗಿರುವಾಗ ಮೊದಲ ಕಚ್ಚು ರಕ್ತನಾಳದ ಪಕ್ಕದ ಒಳಪೊರೆಯನ್ನಷ್ಟೇ ಹಿಡಿಯುವುದು ಅಪರೂಪವೇನಲ್ಲ. ಬೇಕಾದ ಕೋನಕ್ಕೆ ತಿರುಗಿಸುವ ಸೌಲಭ್ಯವೂ ಉಪಯುಕ್ತವೇ. ಆದರೆ ಸ್ಕೋಪ್ ಕರುಳಿನೊಳಗೆ ಸುರುಳಿ ಸುತ್ತಿಕೊಂಡಿದ್ದರೆ ಯಾವ ಕ್ಲಿಪ್ಪೂ ಹೇಳಿದ ಮಾತು ಕೇಳುವುದಿಲ್ಲ, ಮೊದಲು ಸುರುಳಿ ಬಿಡಿಸಬೇಕು.

ಇದರ ನಿಜವಾದ ಬೆಲೆ ತಿಳಿಯುವುದು ದೊಡ್ಡಕರುಳಿನ ಬಲಭಾಗದಲ್ಲಿ. 20 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡದಾದ, ತೊಟ್ಟಿಲ್ಲದೆ ಗೋಡೆಗೇ ಅಂಟಿಕೊಂಡ ಪಾಲಿಪ್ ತೆಗೆಸಿಕೊಂಡ 919 ರೋಗಿಗಳ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಗಾಯವನ್ನು ಕ್ಲಿಪ್‌ಗಳಿಂದ ಮುಚ್ಚಿದವರಲ್ಲಿ ತಡವಾದ ರಕ್ತಸ್ರಾವ ಶೇ. 3.5ರಷ್ಟಿದ್ದರೆ, ಮುಚ್ಚದವರಲ್ಲಿ ಶೇ. 7.1ರಷ್ಟಿತ್ತು. ಬಲಭಾಗವನ್ನಷ್ಟೇ ಎಣಿಸಿದರೆ ಅಂತರ ಇನ್ನೂ ದೊಡ್ಡದು, ಶೇ. 3.3 ಮತ್ತು 9.6, ಎಡಭಾಗದಲ್ಲಿ ಲಾಭ ಕಾಣಲಿಲ್ಲ. ಅಧ್ಯಯನಕ್ಕೆ ಹಣ ಕೊಟ್ಟದ್ದು ಇದೇ ಕಂಪನಿ ಎಂಬುದನ್ನು ಓದುಗರು ನೆನಪಿಡಬೇಕು. ಆದರೆ 2022ರಲ್ಲಿ ಸಿಡ್ನಿಯಿಂದ ಬಂದ ಇನ್ನೊಂದು ಅಧ್ಯಯನವೂ ಬಲಭಾಗದ ಬಗ್ಗೆ ಇದೇ ಮಾತನ್ನು ಹೇಳಿದ ಮೇಲೆ ನನ್ನ ಅನುಮಾನ ಬಹುಮಟ್ಟಿಗೆ ಕರಗಿತು. ಗಾಯವನ್ನು ಒಂದು ಮೂಲೆಯಿಂದ ಆರಂಭಿಸಿ, ಕರುಳಿನ ಗಾಳಿಯನ್ನು ಸ್ವಲ್ಪ ಹೀರಿ ಅಂಚುಗಳನ್ನು ಸಡಿಲಗೊಳಿಸಿಕೊಂಡು, ಪೂರ್ತಿ ಮುಚ್ಚಬೇಕು. ಅರ್ಧಂಬರ್ಧ ಮುಚ್ಚಿ ಮನಸ್ಸಿಗೆ ಸಮಾಧಾನ ತಂದುಕೊಳ್ಳುವುದರಲ್ಲಿ ಅರ್ಥವಿಲ್ಲ.

ದಪ್ಪ ತೊಟ್ಟಿನ ಪಾಲಿಪ್‌ಗೆ ಇದು ನನ್ನ ಮೊದಲ ಆಯ್ಕೆಯಲ್ಲ. ತೊಟ್ಟು 10 ಮಿ.ಮೀ. ದಾಟಿದರೆ 11 ಮಿ.ಮೀ. ಬಾಯಿ ಅದನ್ನು ಪೂರ್ತಿ ಹಿಡಿಯುವುದು ಕಷ್ಟ. ಮೇಲಾಗಿ, ಕತ್ತರಿಸುವ ಮೊದಲೇ ಹಾಕಿದ ಲೋಹದ ಕ್ಲಿಪ್‌ಗೆ ವಿದ್ಯುತ್ ಹರಿಯುವ ಕುಣಿಕೆ ತಾಗಿದರೆ ಕರುಳಿನ ಗೋಡೆ ಸುಡುವ ಅಪಾಯವಿದೆ. ಅಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟು ತೆಳುವಾಗಿಸಿದ, ರಕ್ತನಾಳಗಳನ್ನು ಕುಗ್ಗಿಸುವ ಅಡ್ರಿನಲಿನ್ ಚುಚ್ಚುವುದು ಅಥವಾ ತೊಟ್ಟಿನ ಬುಡಕ್ಕೆ ನೈಲಾನಿನ ಕಟ್ಟು ಉಂಗುರ (ಎಂಡೋಲೂಪ್) ಬಿಗಿಯುವುದು ವಾಸಿ. ಕತ್ತರಿಸಿದ ಮೇಲೆ ತೊಟ್ಟಿನಿಂದ ರಕ್ತ ಚಿಮ್ಮಿದರೆ ಅದೇ ಕುಣಿಕೆಯಿಂದ ಉಳಿದ ತೊಟ್ಟನ್ನು ಹಿಡಿದು, ಕರೆಂಟ್ ಕೊಡದೆ, ಐದು ನಿಮಿಷ ಬಿಗಿದಿಡುವ ಹಳೆಯ ಉಪಾಯಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

10 ಮಿ.ಮೀ.ಗಿಂತ ಸಣ್ಣ ಪಾಲಿಪ್‌ಗಳನ್ನು ಶಾಖವಿಲ್ಲದ ಕುಣಿಕೆಯಿಂದ ತೆಗೆದಾಗ ಒಸರುವ ರಕ್ತ ಬಹುಪಾಲು ತಾನಾಗಿಯೇ ನಿಲ್ಲುತ್ತದೆ. ಅಲ್ಲಿಗೂ ಕ್ಲಿಪ್ ಹಾಕುವುದು ವೈದ್ಯನ ಭಯಕ್ಕೆ ರೋಗಿಯ ಹಣದಿಂದ ಔಷಧಿ ಮಾಡಿದಂತೆ. ಪ್ರತಿ ಕ್ಲಿಪ್ ಒಂದೇ ಬಳಕೆಗೆ. ದೊಡ್ಡ ಗಾಯಕ್ಕೆ ನಾಲ್ಕೈದು ಬೇಕಾದಾಗ ಬಿಲ್ ಗಣನೀಯವಾಗಿಯೇ ಏರುವುದರಿಂದ, ಪರೀಕ್ಷೆಗೆ ಮೊದಲೇ ಮನೆಯವರಿಗೆ ಅದನ್ನು ತಿಳಿಸುವುದು ಒಳ್ಳೆಯದು.

ಕ್ಲಿಪ್ ಕ್ರಮೇಣ ಕಳಚಿ ಮಲದೊಂದಿಗೆ ಹೊರಹೋಗುತ್ತದೆ, ಕೆಲವು ತಿಂಗಳುಗಟ್ಟಲೆ ಉಳಿಯುವುದೂ ಉಂಟು. ಇದೇ ಕಂಪನಿಯ ಹಳೆಯ ರೆಸಲ್ಯೂಷನ್ ಕ್ಲಿಪ್ ಒಳಗಿರುವಾಗ ಎಂಆರ್‌ಐ ಮಾಡುವಂತಿರಲಿಲ್ಲ. 360ರಲ್ಲಿ ನಿಗದಿತ ಷರತ್ತುಗಳೊಳಗೆ ಮಾಡಬಹುದು. ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ಬರೀ ‘ಕ್ಲಿಪ್ ಹಾಕಿದೆ’ ಎಂದಿದ್ದರೆ ಸಾಲದು, ಯಾವ ಕ್ಲಿಪ್ ಮತ್ತು ಎಷ್ಟು ಎಂಬುದನ್ನು ಬರೆಸಿಕೊಳ್ಳಿ.