ಪರದೆಯಿಲ್ಲದ ಪೆನ್ ಟ್ಯಾಬ್ಲೆಟ್: ಮಡಿಕೇರಿಯ ನಾಲ್ಕು ಮಳೆಗಾಲಗಳ ನಂತರ

ಮಡಿಕೇರಿಯಲ್ಲಿ ಕುಳಿತು ಜಲವರ್ಣದಲ್ಲಿ ಚಿತ್ರ ಬರೆಯುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು ಬಹುಪಾಲು ಕಾಯುವುದರಲ್ಲೇ ಕಳೆಯುತ್ತವೆ. ಬೆಳಿಗ್ಗೆ ಬಳಿದ ಮೊದಲ ಪದರ ಸಂಜೆಯಾದರೂ ಕೈಗೆ ತಣ್ಣಗೆ ತಾಗುತ್ತದೆ, ಕಾಗದ ಹಪ್ಪಳದಂತೆ ಡೊಂಕಾಗುತ್ತದೆ, ಕಪಾಟಿನಲ್ಲಿಟ್ಟ ಹೊಸ ಹಾಳೆಗಳ ಅಂಟುಲೇಪವೂ ತೇವಕ್ಕೆ ಕೆಟ್ಟು, ಕುಂಚ ಇಟ್ಟಲ್ಲಿ ಬಣ್ಣ ಚುಕ್ಕೆ ಚುಕ್ಕೆಯಾಗಿ ಒಳಗಿಳಿಯುತ್ತದೆ. 2020ರ ಮಳೆಗಾಲದಲ್ಲಿ ಮಕ್ಕಳ ಪುಸ್ತಕವೊಂದಕ್ಕೆ ಬರೆದಿಟ್ಟಿದ್ದ ಹನ್ನೊಂದು ಚಿತ್ರಗಳಲ್ಲಿ ನಾಲ್ಕಕ್ಕೆ ಬೂಸ್ಟು ಹಿಡಿದು, ಅವನ್ನು ಮೊದಲಿನಿಂದ ಬರೆಯಬೇಕಾಯಿತು. ಮರುವರ್ಷ ಜೂನ್‌ನಲ್ಲಿ ನಾನು ಪೆನ್ ಟ್ಯಾಬ್ಲೆಟ್ ಕೊಂಡದ್ದು ಹೊಸತರ ಮೋಹದಿಂದಲ್ಲ, ಆ ಬೂಸ್ಟಿನಿಂದ.

ನನ್ನದು ಪರದೆಯಿಲ್ಲದ, ಕಪ್ಪು ಹಲಗೆಯಂಥ ಟ್ಯಾಬ್ಲೆಟ್; ಅದರ ಮೇಲೆ ಪೆನ್ನಿನಿಂದ ಎಳೆದ ಗೆರೆ ಲ್ಯಾಪ್‌ಟಾಪಿನ ಪರದೆಯಲ್ಲಿ ಮೂಡುತ್ತದೆ. ಬರೆಯುವ ಜಾಗ 10 ಇಂಚು ಅಗಲ, 6.25 ಇಂಚು ಎತ್ತರ. ಎಡಬದಿಯಲ್ಲಿ ಎಂಟು ಗುಂಡಿಗಳು. ಪೆನ್ನಿಗೆ ಬ್ಯಾಟರಿ ಇಲ್ಲ. ಪೆನ್ನನ್ನು ಎಷ್ಟು ಒತ್ತಿದ್ದೇವೆಂದು ಹಲಗೆ ಗುರುತಿಸುವ ಒತ್ತಡದ ಮಟ್ಟಗಳು 8192 ಎಂದು ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗಿತ್ತು. ಬೆಲೆ ಐದು ಸಾವಿರಕ್ಕೆ ಸ್ವಲ್ಪ ಕಡಿಮೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಈ ಬೆಲೆಯ, ಈ ಅಳತೆಯ ಟ್ಯಾಬ್ಲೆಟ್‌ಗಳು ಹೆಚ್ಚುಕಡಿಮೆ ಒಂದೇ ಬಗೆಯವು, ಮತ್ತು ಕೆಳಗೆ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಎಲ್ಲಕ್ಕೂ ಹೊಂದುತ್ತವೆ.

ಪರದೆ ಇರುವುದನ್ನೇ ಕೊಳ್ಳಬೇಕೆಂದು ಮೊದಲು ಆಸೆಯಿತ್ತು. ಬರೆದ ಗೆರೆ ಪೆನ್ನಿನ ಕೆಳಗೇ ಮೂಡುವುದು ಕಾಗದದಲ್ಲಿ ಬೆಳೆದ ಕೈಗೆ ಸಹಜ. ಆದರೆ ಅದರ ಬೆಲೆ ನಾಲ್ಕೈದು ಪಟ್ಟು. ಅದಕ್ಕಿಂತ ಮುಖ್ಯವಾಗಿ, ನಮ್ಮಲ್ಲಿ ಗಾಳಿಮಳೆಗೆ ಸಿಲ್ವರ್ ಮರದ ಕೊಂಬೆಯೊಂದು ತಂತಿಯ ಮೇಲೆ ಬಿದ್ದರೆ ಎರಡು ದಿನ ಕರೆಂಟಿಲ್ಲ. ಪರದೆಯ ಟ್ಯಾಬ್ಲೆಟ್ ಎಂದರೆ ಲ್ಯಾಪ್‌ಟಾಪಿನ ಜೊತೆಗೆ ಇನ್ನೊಂದು ಪರದೆಯನ್ನೂ ಬೆಳಗಿಸಿಡಬೇಕು. ಪರದೆಯಿಲ್ಲದ್ದಕ್ಕೆ ಆ ಹೊರೆಯಿಲ್ಲ. ಹಲಗೆಯ ಒಳಗೆ ತಂತಿಸುರುಳಿಗಳ ಬಲೆಯೊಂದಿದ್ದು ಅದು ಸಂಕೇತ ಹೊರಡಿಸುತ್ತದೆ. ಪೆನ್ನಿನೊಳಗಿನ ಸುರುಳಿ ಆ ಸಂಕೇತದಿಂದಲೇ ಶಕ್ತಿ ಪಡೆದು ಮಾರ್ದನಿಯಂತೆ ಮರಳಿಸುತ್ತದೆ. ಮೊನೆಯನ್ನು ಒತ್ತಿದಷ್ಟೂ ಆ ಮಾರ್ದನಿಯ ಆವರ್ತನ ಬದಲಾಗುತ್ತದೆ. ಜಪಾನಿನ ವಾಕಾಮ್ ಕಂಪನಿ 1980ರ ದಶಕದಿಂದ ಬೆಳೆಸಿದ ಈ ತಂತ್ರವನ್ನೇ ಇಂದು ಅಗ್ಗದ ಟ್ಯಾಬ್ಲೆಟ್‌ಗಳೂ ಬಳಸುತ್ತವೆ. ಮಾಮೂಲಿ ಯುಎಸ್‌ಬಿ 2.0 ಕಿಂಡಿ ಕೊಡಬೇಕಾದ್ದು 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಹಲಗೆಯ ಕೆಲಸ ಅಷ್ಟರೊಳಗೇ ಮುಗಿಯುತ್ತದೆ. ಹೀಗಾಗಿ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ನಿಲ್ಲುವುದಿಲ್ಲ.

ಕಣ್ಣು ಪರದೆಯ ಮೇಲೆ, ಕೈ ಮೇಜಿನ ಮೇಲೆ ಎಂಬ ವ್ಯವಸ್ಥೆಗೆ ಒಗ್ಗಲು ನನಗೆ ಮೂರು ವಾರ ಹಿಡಿಯಿತು. ಅಮ್ಮ ನೋಡಿ, "ಕೈ ಒಂದು ಕಡೆ, ಕಣ್ಣು ಒಂದು ಕಡೆ, ತರಕಾರಿ ಹೆಚ್ಚುವಾಗ ಮಾತ್ರ ಹೀಗೆ ಮಾಡಬೇಡ" ಎಂದರು. ಆ ದಿನಗಳಲ್ಲಿ ನಾನು ಅಭ್ಯಾಸಕ್ಕೆ ಆರಿಸಿಕೊಂಡದ್ದು ಕೊಡವ ಸೀರೆಯ ಬೆನ್ನ ಹಿಂದಿನ ನೆರಿಗೆಗಳನ್ನು. ಸೊಂಟದಿಂದ ಹಿಮ್ಮಡಿಯವರೆಗೆ ಇಳಿಯುವ ಆ ಉದ್ದ ಗೆರೆಗಳನ್ನು ಮಣಿಕಟ್ಟಿನಿಂದ ಎಳೆದರೆ ಅರ್ಧದಲ್ಲೇ ಬಾಗುತ್ತವೆ. ಭುಜದಿಂದ ಎಳೆಯಬೇಕು, ಭುಜದಿಂದ ಎಳೆಯಲು ಹಲಗೆಯಲ್ಲಿ ಜಾಗವಿರಬೇಕು. ಇನ್ನೂ ಕಡಿಮೆ ಬೆಲೆಗೆ ಸಿಗುವ 6 ಇಂಚಿನ ಹಲಗೆಗಳು ಫೋಟೋ ತಿದ್ದಲು, ಸಹಿ ಹಾಕಲು ಸಾಕು. ಚಿತ್ರ ಬರೆಯುವವರು ಅವುಗಳಿಂದ ದೂರವಿರುವುದು ಒಳ್ಳೆಯದು.

ಮೊದಲ ವಾರದಲ್ಲೇ ಮಾಡಿದ ತಪ್ಪೊಂದನ್ನು ಹೇಳಲೇಬೇಕು. ಪರಿಚಯದವರ ತೋಟದ ಕಾಫಿಪುಡಿಯ ಪೊಟ್ಟಣಕ್ಕೆಂದು ಹಣ್ಣುಗೊಂಚಲೊಂದನ್ನು ಬರೆಯುತ್ತಿದ್ದೆ. ಎಷ್ಟು ದುಂಡಗೆ ಕೈ ತಿರುಗಿಸಿದರೂ ಹಣ್ಣುಗಳು ಮೇಲಿನಿಂದ ಅದುಮಿದಂತೆ ಚಪ್ಪಟೆಯಾಗಿಯೇ ಬರುತ್ತಿದ್ದವು. ಕೈಯನ್ನೇ ಬೈದುಕೊಂಡೆ. ದೋಷವಿದ್ದದ್ದು ಅಳತೆಯ ಅನುಪಾತದಲ್ಲಿ. ಹಲಗೆ 16:10, ಲ್ಯಾಪ್‌ಟಾಪಿನ ಪರದೆ 16:9. ಹಲಗೆಯ ಪೂರ್ತಿ ಜಾಗವನ್ನು ಪರದೆಯ ಪೂರ್ತಿ ಜಾಗಕ್ಕೆ ಹೊಂದಿಸಿದಾಗ ಪ್ರತಿ ವೃತ್ತವೂ ಅಡ್ಡಕ್ಕೆ ಶೇ. 11ರಷ್ಟು ಹಿಗ್ಗುತ್ತದೆ. ಡ್ರೈವರ್‌ನ (ಹಲಗೆಯನ್ನು ಕಂಪ್ಯೂಟರಿಗೆ ಹೊಂದಿಸುವ ತಂತ್ರಾಂಶದ) ಸೆಟ್ಟಿಂಗ್‌ನಲ್ಲಿ ಅನುಪಾತವನ್ನು ಕಾಯ್ದುಕೊಳ್ಳುವಂತೆ ಗುರುತು ಹಾಕಿದರೆ ಬರೆಯುವ ಎತ್ತರ 6.25 ಇಂಚಿನಿಂದ 5.6 ಇಂಚಿಗೆ ಇಳಿಯುತ್ತದೆ, ಹಣ್ಣು ದುಂಡಗಾಗುತ್ತದೆ. ಹೊಸ ಟ್ಯಾಬ್ಲೆಟ್ ತಂದವರು ಬೇರೇನನ್ನೂ ಮುಟ್ಟುವ ಮೊದಲು ಇದನ್ನು ಸರಿಪಡಿಸಿಕೊಳ್ಳಬೇಕು. ವಿಂಡೋಸ್ ಬಳಸುವವರು, ಪೆನ್ನನ್ನು ಒತ್ತಿ ಹಿಡಿದಾಗ ಮೌಸಿನ ಬಲಗುಂಡಿಯ ಮೆನು ತೆರೆಯುವ ಸೌಲಭ್ಯವನ್ನೂ ಆಫ್ ಮಾಡಿಬಿಡಬೇಕು. ನಿಧಾನವಾಗಿ ಎಳೆಯುವ ಗೆರೆಗಳ ಆರಂಭವನ್ನು ಅದು ಕೆಡಿಸುತ್ತದೆ. ಬೇರೆ ಕಂಪನಿಯ ಹಳೆಯ ಡ್ರೈವರ್ ಕಂಪ್ಯೂಟರಿನಲ್ಲಿ ಉಳಿದಿದ್ದರೆ ಅದನ್ನು ಮೊದಲೇ ತೆಗೆದುಹಾಕಬೇಕು, ಇಲ್ಲವಾದರೆ ಒತ್ತಡವೇ ದಾಖಲಾಗದಿರಬಹುದು.

8192 ಮಟ್ಟಗಳ ವಿಚಾರಕ್ಕೆ ಬಂದರೆ, ಅಷ್ಟನ್ನು ಗುರುತಿಸುವ ಕೈ ಯಾರಿಗೂ ಇರಲಾರದು. ನಿಜವಾಗಿ ಮುಖ್ಯವಾದದ್ದು ಗೆರೆ ಮೂಡತೊಡಗಲು ಎಷ್ಟು ಒತ್ತಬೇಕು ಎಂಬುದು, ಮತ್ತು ಅದನ್ನು ಡಬ್ಬದ ಮೇಲೆ ಯಾರೂ ಅಚ್ಚುಹಾಕಿಸುವುದಿಲ್ಲ. ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯ ಬೆಳ್ಳಿಸರಪಣಿಯನ್ನು ಬರೆಯುವಾಗ ನನಗೆ ಇದು ಅರ್ಥವಾಯಿತು. ಸರಪಣಿಯ ಪ್ರತಿ ಕೊಂಡಿಯೂ ಕೂದಲೆಳೆಯಷ್ಟು ತೆಳುವಾಗಿ ಆರಂಭವಾಗಿ, ತಿರುವಿನಲ್ಲಿ ದಪ್ಪವಾಗಿ, ಮತ್ತೆ ತೆಳುವಾಗಿ ಮುಗಿಯಬೇಕು. ನನ್ನ ಪೆನ್ನು ಆ ಮೊದಲ ತೆಳುಗೆರೆಯನ್ನೇ ನುಂಗಿ, ಕೊಂಡಿಯನ್ನು ನಡುವಿನಿಂದ ಶುರುಮಾಡುತ್ತಿತ್ತು. ಚಿತ್ರ ಬರೆಯುವ ಕ್ರಿಟಾ ತಂತ್ರಾಂಶದ ಟ್ಯಾಬ್ಲೆಟ್ ಸೆಟ್ಟಿಂಗ್‌ನಲ್ಲಿರುವ ಒತ್ತಡದ ವಕ್ರರೇಖೆಯನ್ನು ಆರಂಭದಲ್ಲಿ ಸ್ವಲ್ಪ ಮೇಲಕ್ಕೆ ಎಳೆದ ಮೇಲೆ ಪರಿಸ್ಥಿತಿ ಬಹಳ ಸುಧಾರಿಸಿತು. ಪೂರ್ತಿ ಸರಿಹೋಯಿತು ಎನ್ನಲಾರೆ. ಗೆಳತಿಯೊಬ್ಬಳ ದುಬಾರಿ ಪೆನ್ನಿನಲ್ಲಿ ಅದೇ ಸರಪಣಿಯನ್ನು ಬರೆದು ನೋಡಿದಾಗ, ಹೆಚ್ಚು ಹಣ ಎಲ್ಲಿಗೆ ಹೋಗುತ್ತದೆ ಎಂಬುದು ತಿಳಿಯಿತು. ಕ್ರಿಟಾ ಉಚಿತ ತಂತ್ರಾಂಶ (ಸ್ವೀಡಿಷ್ ಭಾಷೆಯಲ್ಲಿ ಆ ಪದಕ್ಕೆ ಸೀಮೆಸುಣ್ಣ ಎಂಬ ಅರ್ಥವಿದೆ), ಮತ್ತು ನಾಲ್ಕು ವರ್ಷಗಳಲ್ಲಿ ಇನ್ನೊಂದರ ಅಗತ್ಯ ನನಗೆ ಬಿದ್ದಿಲ್ಲ.

ಇನ್ನು ತೇವ. ಹಲಗೆಗೆ ಬೂಸ್ಟು ಹಿಡಿಯಲಿಲ್ಲ, ಆದರೆ ಆಷಾಢದಲ್ಲಿ ಅಂಗೈ ಅದರ ಮೇಲೆ ಜಾರದೆ ಅಂಟಿಕೊಳ್ಳುತ್ತದೆ, ಗೆರೆ ಕಂಪಿಸುತ್ತದೆ. ಎರಡು ಬೆರಳಿನ ಕೈಗವಸನ್ನು ಟ್ಯಾಬ್ಲೆಟ್ ಜೊತೆಗೇ ಕೊಡುತ್ತಾರೆ, ಆದರೆ ಆ ನೈಲಾನ್ ಬಟ್ಟೆ ಒಮ್ಮೆ ಒದ್ದೆಯಾದರೆ ನಮ್ಮಲ್ಲಿ ಒಣಗಬೇಕಲ್ಲ. ಹಳೆಯ ಹತ್ತಿ ಕರವಸ್ತ್ರವನ್ನು ಅಂಗೈ ಕೆಳಗೆ ಹಾಸಿಕೊಳ್ಳುವುದೇ ಮೇಲು. ಪೆನ್ನನ್ನೂ ಮೊನೆಗಳನ್ನೂ ಸಿಲಿಕಾ ಜೆಲ್ ಪೊಟ್ಟಣಗಳ ಸಮೇತ ಬಿಸ್ಕತ್ತಿನ ಟಿನ್ನಿನಲ್ಲಿಡುತ್ತೇನೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಹೊತ್ತಿನಲ್ಲಿ ಲ್ಯಾಪ್‌ಟಾಪಿನ ಚಾರ್ಜರನ್ನು ಗೋಡೆಯಿಂದ ಕಿತ್ತಿಟ್ಟೇ ಬರೆಯುತ್ತೇನೆ. ಒಂದು ಚಾರ್ಜರ್ ಸಿಡಿಲಿಗೆ ಹೋದ ಮೇಲೆ ಬಂದ ಬುದ್ಧಿ ಇದು.

ಪ್ಲಾಸ್ಟಿಕ್ ಮೊನೆ ಸವೆಯುವುದು ಸಹಜ. ನನಗೆ ಒಂದು ಮೊನೆ ಸುಮಾರು ಐದು ತಿಂಗಳು ಬರುತ್ತದೆ. ಒಂದು ಬದಿಗೆ ಸವೆದು ಉಳಿಯಂತೆ ಚೂಪಾದ ಅಂಚು ಬಂದ ತಕ್ಷಣ ಅದನ್ನು ಬದಲಿಸಬೇಕು, ಇಲ್ಲವಾದರೆ ಅದು ಹಲಗೆಯ ಮೇಲ್ಮೈಯನ್ನು ಗೀರುತ್ತದೆ. ನನ್ನ ಹಲಗೆಯ ನಡುವಿನ ಮೂರು ಗೀರುಗಳು ಉದಾಸೀನದ ಫಲ. ಘಾಟಿ ರಸ್ತೆ ಮುಚ್ಚಿದರೆ ಕೊರಿಯರ್ ಎಂದು ಬರುವುದೆಂಬ ಖಾತ್ರಿ ಇರುವುದಿಲ್ಲವಾದ್ದರಿಂದ, ಮೇ ತಿಂಗಳೊಳಗೆ ಹತ್ತು ಮೊನೆ ತರಿಸಿಡುವುದು ಈಗ ರೂಢಿಯಾಗಿದೆ.

ನಿಜವಾದ ದೂರು ಇರುವುದು ಕೇಬಲ್ ಸಿಕ್ಕಿಸುವ ಕಿಂಡಿಯ ಬಗ್ಗೆ. ಹದಿನಾಲ್ಕನೆಯ ತಿಂಗಳಲ್ಲಿ ಅದು ಸಡಿಲಗೊಂಡು, ಹಲಗೆಯನ್ನು ಸ್ವಲ್ಪ ಸರಿಸಿದರೂ ಸಂಪರ್ಕ ತಪ್ಪತೊಡಗಿತು. ವಾರಂಟಿ ಇನ್ನೂ ಇತ್ತು. ಸೇವಾಕೇಂದ್ರಕ್ಕೆ ನನ್ನದೇ ಖರ್ಚಿನಲ್ಲಿ ಕಳುಹಿಸಿದೆ. ಐದು ವಾರಗಳ ನಂತರ ಅದು ಬಳಕೆದಾರರಿಂದಾದ ಹಾನಿ, ವಾರಂಟಿಗೆ ಒಳಪಡುವುದಿಲ್ಲ ಎಂಬ ಚೀಟಿಯೊಡನೆ, ಬಿಚ್ಚಿ ನೋಡಿದ ಗುರುತೂ ಇಲ್ಲದೆ ವಾಪಸು ಬಂತು. ಕೊನೆಗೆ ಮೊಬೈಲ್ ರಿಪೇರಿ ಮಾಡುವ ಹುಡುಗನೊಬ್ಬ ಇನ್ನೂರು ರೂಪಾಯಿಗೆ ಕಿಂಡಿಯನ್ನು ಮತ್ತೆ ಬೆಸುಗೆ ಹಾಕಿಕೊಟ್ಟ, ಇಂದಿಗೂ ಗಟ್ಟಿಯಾಗಿದೆ. ಕೊಳ್ಳುವವರು ಕೇಬಲ್ ಹಲಗೆಯ ಯಾವ ಬದಿಗೆ ಬರುತ್ತದೆ, ಬರೆಯುವ ಕೈಗೆ ಅಡ್ಡವಾಗುತ್ತದೆಯೇ, ತುದಿ ಎಲ್‌ ಆಕಾರದಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ನೇರ ತುದಿಯ ಕೇಬಲ್‌ ಮೇಜಿನಂಚಿಗೆ ತಾಗಿ ಕಿಂಡಿಯನ್ನು ಮೀಟುತ್ತಲೇ ಇರುತ್ತದೆ.

ಪರದೆಯಿಲ್ಲದ ಟ್ಯಾಬ್ಲೆಟ್‌ನಲ್ಲಿ ಬಣ್ಣದ ಹೊಣೆಯೆಲ್ಲ ಲ್ಯಾಪ್‌ಟಾಪಿನದು, ಇದನ್ನು ಕೊಳ್ಳುವಾಗ ನಾನು ಯೋಚಿಸಿರಲಿಲ್ಲ. ಆ ಕಾಫಿ ಪೊಟ್ಟಣದ ಎಲೆಗಳಿಗೆ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ಮರುದಿನದ ಹಸಿರನ್ನು ಕೊಟ್ಟಿದ್ದೆ. ಮೈಸೂರಿನ ಪ್ರೆಸ್ಸಿನಿಂದ ಬಂದದ್ದು ಬತ್ತಿದ ಹಸಿರು. ಪರದೆ ಬೆಳಕಿನಿಂದ ತೋರಿಸುವ ಎಷ್ಟೋ ಹಸಿರುಗಳನ್ನು ಅಚ್ಚಿನ ನಾಲ್ಕು ಶಾಯಿಗಳು ಕೊಡಲಾರವು. ಈಗ ಕ್ರಿಟಾದಲ್ಲೇ ಮುದ್ರಣದ ಬಣ್ಣಗಳ ಮುನ್ನೋಟವನ್ನು ತೆರೆದಿಟ್ಟುಕೊಂಡು ಬರೆಯುತ್ತೇನೆ. ಅಚ್ಚಿಗೆ ಹೋಗುವ ಎ4 ಚಿತ್ರವನ್ನು 300 ಡಿಪಿಐಗೆ (ಇಂಚಿಗೆ 300 ಚುಕ್ಕೆ), ಅಂದರೆ 2480 ಅಡ್ಡ, 3508 ಉದ್ದದ ಪಿಕ್ಸೆಲ್‌ಗಳಿಗೆ ಮೊದಲೇ ಹೊಂದಿಸಿಕೊಳ್ಳಬೇಕು. ತಂತ್ರಾಂಶದಲ್ಲಿ ಪಾರದರ್ಶಕ ಹಾಳೆಗಳಂತೆ ಒಂದರ ಮೇಲೊಂದಿರುವ ಪದರಗಳಲ್ಲಿ ತುಂಬಿದ ಒಂದೊಂದೂ ಸುಮಾರು 35 ಎಂಬಿ ಮೆಮೊರಿ ಹಿಡಿಯುತ್ತದೆ. ನನ್ನ 8 ಜಿಬಿ ಲ್ಯಾಪ್‌ಟಾಪ್ ಮೂವತ್ತು ಪದರಗಳವರೆಗೆ ತಕರಾರಿಲ್ಲದೆ ನಡೆದಿದೆ.

ಭಾವಚಿತ್ರಗಳನ್ನೇ ಬರೆಯುವವರು, ಮೈಸೂರು, ಬೆಂಗಳೂರಿನಂಥ ಕರೆಂಟಿರುವ ಊರಿನವರು ಪರದೆಯ ಟ್ಯಾಬ್ಲೆಟ್ ಕೊಳ್ಳುವುದಾದರೆ ನನ್ನ ಆಕ್ಷೇಪವಿಲ್ಲ. ಕಣ್ಣಿನ ರೆಪ್ಪೆ, ತುಟಿಯಂಚಿನಂಥ ಜಾಗಗಳಲ್ಲಿ ನಾನು ಇಂದಿಗೂ ಎರಡೆರಡು ಸಲ ಗೆರೆ ಅಳಿಸುತ್ತೇನೆ. ನನ್ನ ಹಲಗೆಯ ಬಲಭಾಗ ಸವೆದು, ಅಂಗೈ ಅಗಲದ ಜಾಗ ಗಾಜಿನಂತೆ ನುಣುಪಾಗಿ, ಪೆನ್ನು ಅಲ್ಲಿ ಜಾರುತ್ತಿತ್ತು. ಕಳೆದ ದೀಪಾವಳಿಯಲ್ಲಿ ಡ್ರೈವರ್‌ನಲ್ಲಿ 180 ಡಿಗ್ರಿ ತಿರುಗಿಸಿ, ಹಲಗೆಯನ್ನೂ ಅದರಂತೆ ತಿರುಗಿಸಿಟ್ಟುಕೊಂಡೆ. ಸವೆದ ಜಾಗ ಈಗ ಎಡಕ್ಕೆ ಹೋಗಿದೆ, ಗುಂಡಿಗಳು ಬಲಕ್ಕೆ ಬಂದಿವೆ. ಅವನ್ನು ಒತ್ತಲು ಎಡಗೈ ಚಾಚಬೇಕಾದ್ದರಿಂದ ಹದಿನೈದು ದಿನ ತಡಬಡಾಯಿಸಿ, ಆಮೇಲೆ ಗುಂಡಿಗಳನ್ನೇ ಬಿಟ್ಟು ಕೀಲಿಮಣೆಗೆ ಮರಳಿದೆ.