ಕಿಕ್ ಹೊಡೆದರೂ ಹತ್ತದ ಬೈಕ್: ಕಂಪ್ರೆಷನ್ ಗೇಜ್, ಸ್ಪಾರ್ಕ್ ಟೆಸ್ಟರ್, ಮಲ್ಟಿಮೀಟರ್ ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಡರ್ಟ್ ಬೈಕ್ ಕಿಕ್‌ಗೆ ಹತ್ತುತ್ತಿಲ್ಲ, ಕಾರಣ ಹುಡುಕಲು ಏನಾದರೂ ಕೊಳ್ಳಬೇಕು ಅಂತಿದ್ದರೆ ಮೊದಲು ಮಲ್ಟಿಮೀಟರ್ (ವೋಲ್ಟೇಜ್, ವೈರ್ ಕಟ್ ಆಗಿದೆಯೇ ಎಂಬುದನ್ನೆಲ್ಲ ನೋಡುವ ಕರೆಂಟಿನ ಮೀಟರ್) ಕೊಳ್ಳಿ. ನಾನು ಮೊದಲು ಕೊಂಡದ್ದು ಕಂಪ್ರೆಷನ್ ಗೇಜ್, ಅಂದರೆ ಪಿಸ್ಟನ್ ಸಿಲಿಂಡರಿನೊಳಗಿನ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂದು ಅಳೆಯುವ ಮೀಟರ್. ಅದನ್ನು ನಂಬಿ ಹನ್ನೆರಡು ದಿನ ಹೋಯಿತು, ಬೇಡದ ಪಿಸ್ಟನ್ ಕಿಟ್ ಒಂದು ಮನೆಗೆ ಬಂತು.

ನನ್ನದು ಸೆಕೆಂಡ್ ಹ್ಯಾಂಡ್ 125 ಸಿಸಿ ಫೋರ್ ಸ್ಟ್ರೋಕ್. ಕಾರ್ಬುರೇಟರ್ ಗಾಡಿ, ಸೆಲ್ಫ್ ಇಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದಿಂದ ಗುಡ್ಡದ ಮೇಲಿನ ನೀರಿನ ಟ್ಯಾಂಕಿಗೆ ಹೋಗಿಬರಲು ಇಟ್ಟುಕೊಂಡದ್ದು. ಪುಷ್ಯ ಮಳೆ ಜೋರಾಗಿದ್ದ ವಾರ, ಬೆಳಿಗ್ಗೆ ಸ್ವಲ್ಪ ಹೊಳವಾಗಿತ್ತು. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡ ಬಂದು ಜಗಲಿಯಲ್ಲಿ ಕೂತಿದ್ದ. ಟ್ಯಾಂಕಿನ ವಾಲ್ವ್ ತಿರುಗಿಸಿ ಬರೋಣ ಎಂದು ಕಿಕ್ ಹೊಡೆದೆ. ನಲವತ್ತು ಸಲ ಹೊಡೆದರೂ ಒಂದು ಸಲವೂ ಕೆಮ್ಮಲಿಲ್ಲ. ಅಷ್ಟರಲ್ಲಿ ಮಳೆ ಮತ್ತೆ ಹಿಡಿಯಿತು, ಔಷಧಿ ಹೊಡೆಯುವ ಕೆಲಸ ಆ ದಿನಕ್ಕೆ ನಿಂತಿತು.

ಖರ್ಚಿಲ್ಲದ ಪರೀಕ್ಷೆ ಕಾಲಿನದು. ಕಿಕ್ಕರ್ ಅನ್ನು ನಿಧಾನವಾಗಿ ಒತ್ತಿದಾಗ ಒಂದು ಕಡೆ ಗಟ್ಟಿಯಾಗಿ ತಡೆಯಬೇಕು. ತಡೆಯದೆ ಸಲೀಸಾಗಿ ಇಳಿದರೆ ಒಳಗಿನ ಕಿಕ್ ಗೇರು ಅಥವಾ ರ‍್ಯಾಚೆಟ್ ಹಲ್ಲು ಜಾರುತ್ತಿರಬಹುದು, ಇಲ್ಲವೇ ಕಂಪ್ರೆಷನ್ ಹೋಗಿರಬಹುದು. ಕ್ಲಚ್ ಮೂಲಕವೇ ಕಿಕ್ ತಿರುಗುವ ಇಂಜಿನ್‌ನಲ್ಲಿ ಕ್ಲಚ್ ಕೇಬಲ್ ಬಿಗಿಯಾಗಿದ್ದರೂ ಹೀಗಾಗುತ್ತದೆ. ನನ್ನದರಲ್ಲಿ ತಡೆ ಚೆನ್ನಾಗಿಯೇ ಇತ್ತು. ಕಾಲು ಹೇಳಿದ್ದನ್ನು ನಾನು ಅಲ್ಲೇ ನಂಬಬೇಕಿತ್ತು.

ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಪ್ಲಗ್ ಬಿಚ್ಚಿ, ಅದರ ವೈರಿನ ತುದಿಯ ಕ್ಯಾಪಿಗೆ ಸಿಕ್ಕಿಸಿ, ಇಂಜಿನ್ ಹೆಡ್‌ಗೆ ಮುಟ್ಟಿಸಿ ಕಿಕ್ ಹೊಡೆದೆ. ಪ್ಲಗ್ ಪೆಟ್ರೋಲಿನಲ್ಲಿ ತೊಯ್ದಿತ್ತು, ಅಂದರೆ ಕಾರ್ಬುರೇಟರ್ ತನ್ನ ಕೆಲಸ ಮಾಡುತ್ತಿದೆ. ಕಿಡಿಯೂ ಕಂಡಿತು. ಪೆಟ್ರೋಲ್ ಇದೆ, ಕಿಡಿ ಇದೆ, ಉಳಿದದ್ದು ಕಂಪ್ರೆಷನ್ ಒಂದೇ ಎಂದು ತೀರ್ಮಾನಿಸಿ ಅವತ್ತೇ ರಾತ್ರಿ ಆನ್‌ಲೈನ್‌ನಲ್ಲಿ ಗೇಜ್ ಆರ್ಡರ್ ಮಾಡಿದೆ. 1,100 ರೂಪಾಯಿ.

ಈ ಗೇಜಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇದೇ ಜಾತಿಯ ಗೇಜುಗಳು ಎಲ್ಲ ಕಡೆ ಸಿಗುತ್ತವೆ, ಸಣ್ಣ ಇಂಜಿನ್ ಇಟ್ಟುಕೊಂಡವರು ನನ್ನ ಹಾಗೇ ಮೋಸ ಹೋಗಬಾರದು. ಮೊದಲ ತೊಡಕು ಥ್ರೆಡ್ಡಿನದು. ನನ್ನ ಪ್ಲಗ್ 10 ಮಿ.ಮೀ.ನದು, ಡಬ್ಬಿಯಲ್ಲಿದ್ದ ಅಡಾಪ್ಟರುಗಳು 14 ಮತ್ತು 18ರವು. 10ರದ್ದಕ್ಕೆ ಶಿವಮೊಗ್ಗಕ್ಕೆ ಹೋಗಿ ಬಿ.ಹೆಚ್. ರಸ್ತೆಯಲ್ಲಿ ಮೂರು ಅಂಗಡಿ ಸುತ್ತಿದೆ. ತಂದು ಹಾಕಿ ಕಿಕ್ ಹೊಡೆದರೆ ಮುಳ್ಳು 75 ಪಿಎಸ್‌ಐಗೆ ನಿಂತಿತು. ಒತ್ತಡ ಇಷ್ಟು ಕಡಿಮೆ ಅಂದರೆ ಪಿಸ್ಟನ್ ರಿಂಗ್ ಹೋಗಿದೆ ಅಂದುಕೊಂಡೆ. ಗ್ಯಾರೇಜಿನವರನ್ನು ಕೇಳಿದರೆ ಅವರೂ ಅದನ್ನೇ ಹೇಳಿದರು. ಪಿಸ್ಟನ್ ಕಿಟ್ ತರಿಸಿದೆ.

ಅಸಲು ಸಂಗತಿ ಬೇರೆ ಇತ್ತು. ಒಂದು, ನಾನು ಥ್ರಾಟಲ್ ಪೂರ್ತಿ ತಿರುಗಿಸಿ ಹಿಡಿದಿರಲಿಲ್ಲ, ಹಾಗಾಗಿ ಗಾಳಿಯೇ ಒಳಗೆ ಸರಿಯಾಗಿ ಹೋಗುತ್ತಿರಲಿಲ್ಲ. ಪೂರ್ತಿ ತಿರುಗಿಸಿ, ಮುಳ್ಳು ಏರುವುದು ನಿಲ್ಲುವ ತನಕ ಏಳೆಂಟು ಸಲ ಹೊಡೆದಾಗ 95 ಬಂತು. ಎರಡನೆಯದು ಹೋಸಿನ ಕಥೆ. ಗಾಳಿ ಹಿಡಿದಿಡುವ ವಾಲ್ವ್ ಪಿನ್ ಈ ಗೇಜಿನಲ್ಲಿ ಮೀಟರ್ ಕಡೆಯ ತುದಿಯಲ್ಲಿದೆ. ಹಾಗಾಗಿ ಒಂದಡಿ ಉದ್ದದ ಹೋಸ್ ಪೂರ್ತಿ ಸಿಲಿಂಡರಿನ ಭಾಗವೇ ಆಗಿಬಿಡುತ್ತದೆ. 9:1 ಕಂಪ್ರೆಷನ್ ಅನುಪಾತದ (ಒಂಬತ್ತು ಪಾಲು ಗಾಳಿಯನ್ನು ಒಂದು ಪಾಲಿಗೆ ಒತ್ತುವ) 125 ಸಿಸಿ ಇಂಜಿನ್‌ನಲ್ಲಿ ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ 16 ಸಿಸಿಯೂ ಇಲ್ಲ. 5 ಮಿ.ಮೀ. ತೂತಿನ ಒಂದಡಿ ಹೋಸಿನಲ್ಲಿ ಸುಮಾರು 6 ಸಿಸಿ ಗಾಳಿ ಹಿಡಿಯುತ್ತದೆ. ಅದು ಸೇರಿಕೊಂಡರೆ 9:1 ಇದ್ದದ್ದು 7:1ಕ್ಕೂ ಕೆಳಗೆ ಇಳಿಯುತ್ತದೆ. ದೊಡ್ಡ ಸಿಲಿಂಡರಿನ ಕಾರಿನಲ್ಲಿ ಇಷ್ಟು ವ್ಯತ್ಯಾಸ ಬರುವುದಿಲ್ಲ. ಮುಂದೆ, ಪ್ಲಗ್ ಕಡೆಯ ತುದಿಯಲ್ಲೇ ವಾಲ್ವ್ ಇರುವ ಗಿಡ್ಡ ಅಡಾಪ್ಟರ್ ಹಾಕಿ ನೋಡಿದಾಗ ಅದೇ ಇಂಜಿನ್ 135 ತೋರಿಸಿತು. ಅದೃಷ್ಟಕ್ಕೆ ಇಂಜಿನ್ ಇನ್ನೂ ಬಿಚ್ಚಿರಲಿಲ್ಲ.

ಬಿಚ್ಚದಂತೆ ತಡೆದದ್ದು ನಮ್ಮ ಭಾವ. ಪಂಪ್‌ಸೆಟ್ ಮೋಟರ್ ರಿಪೇರಿ ಮಾಡಿ ಕೈ ಪಳಗಿದವರು. ಅಕ್ಕನನ್ನು ಬಿಡಲು ಬಂದವರು ಕೊಟ್ಟಿಗೆಯ ಪಕ್ಕ ಸ್ಪ್ಯಾನರ್ ಹರಡಿಕೊಂಡಿದ್ದ ನನ್ನನ್ನು ನೋಡಿ ನಿಂತರು.

“ಸ್ಪಾರ್ಕ್ ಬರ್ತಾ ಇದೆ ಭಾವ, ನಾನೇ ನೋಡಿದ್ದೀನಿ.”

“ಹೊರಗೆ ಬರ್ತದೆ ಮಾರಾಯ. ಒಳಗೆ ಬರ್ತದಾ?”

ಆ ಪ್ರಶ್ನೆಯಲ್ಲೇ ಎಲ್ಲ ಇತ್ತು. ಗಾಳಿಯ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಬಯಲಿನಲ್ಲಿ ಹಾರುವ ಬಡಕಲು ಕಿಡಿ ಸಿಲಿಂಡರಿನೊಳಗಿನ ಒತ್ತಡದಲ್ಲಿ ಹಾರದೇ ಹೋಗಬಹುದು. ಭಾವ ಚೀಲದಿಂದ ಮಲ್ಟಿಮೀಟರ್ ತೆಗೆದರು, ವೈರಿನಿಂದ ಪ್ಲಗ್ ಕ್ಯಾಪನ್ನು ತಿರುಗಿಸಿ ಬಿಚ್ಚಿದರು, 20ಕೆ ಓಮ್‌ಗೆ ಇಟ್ಟು ಕ್ಯಾಪಿನ ಎರಡು ತುದಿಗೂ ಮೀಟರಿನ ವೈರುಗಳ ಮೊನೆ ಮುಟ್ಟಿಸಿದರು. ರೆಸಿಸ್ಟರ್ ಕ್ಯಾಪ್‌ನಲ್ಲಿ ಸಾಮಾನ್ಯವಾಗಿ 5 ಕಿಲೋ ಓಮ್ ಆಸುಪಾಸು ಬರಬೇಕು. ಮೀಟರ್ ಎಡಗಡೆ ತುದಿಯಲ್ಲಿ ಒಂಟಿ ‘1’ ತೋರಿಸುತ್ತಾ ನಿಂತಿತು, ಅಂದರೆ ಒಳಗಡೆ ಕಟ್ ಆಗಿದೆ. ವೈರಿನ ತುದಿಯ ತಾಮ್ರದ ಎಳೆಗಳು ಮೈಲುತುತ್ತದ ಬಣ್ಣಕ್ಕೆ ತಿರುಗಿದ್ದವು. ರಬ್ಬರಿನ ಒಳಗೆ ಶೀತ ಹೊಕ್ಕು ಎಷ್ಟು ದಿನವಾಗಿತ್ತೋ. ಅಷ್ಟು ದಿನವೂ ಕಿಡಿ ಆ ಒಡಕನ್ನು ಹೇಗೋ ಹಾರಿಕೊಂಡು ಪ್ಲಗ್‌ಗೆ ಬರುತ್ತಿತ್ತು, ಅದಕ್ಕೇ ಹೊರಗೆ ನೋಡಿದಾಗ ನನ್ನ ಕಣ್ಣಿಗೆ ಬಿದ್ದದ್ದು. ಅರ್ಧ ಸೆಂಟಿಮೀಟರ್ ವೈರ್ ಕತ್ತರಿಸಿ, ಹೊಳೆಯುವ ತಾಮ್ರ ಬಂದ ಮೇಲೆ ಹೊಸ ಕ್ಯಾಪ್ ತಿರುಗಿಸಿ ಕೂರಿಸಿದೆವು. ಕ್ಯಾಪಿಗೆ 120 ರೂಪಾಯಿ. ಮೂರನೇ ಕಿಕ್‌ಗೆ ಹತ್ತಿತು.

ಮಾರನೇ ವಾರ ನಾನೂ 450 ರೂಪಾಯಿಯ ಮೀಟರ್ ಕೊಂಡೆ. ವೈರ್ ಎರಡೂ ಕೂಡಿದ್ದರೆ ಬೀಪ್ ಬರುವಂಥದ್ದೇ ಬೇಕು. ಮಳೆಗೆ ಇಂಜಿನ್ ಆಫ್ ಮಾಡುವ ಕಿಲ್ ಸ್ವಿಚ್ ಒಳಗೆ ನೀರು ಹೋಗಿ ಶಾರ್ಟ್ ಆಗುವುದು ನಮ್ಮ ಕಡೆ ಮಾಮೂಲು, ಕನೆಕ್ಟರ್ ಬಿಚ್ಚಿ ಬೀಪ್ ಕೇಳಿದರೆ ಅರೆ ನಿಮಿಷದಲ್ಲಿ ಗೊತ್ತಾಗುತ್ತದೆ. ಕಿಡಿ ಹಾರಿಸುವ ಎಲೆಕ್ಟ್ರಾನಿಕ್ ಸಿಡಿಐ ಡಬ್ಬಿ ಸರಿ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ಮೀಟರ್ ಹೇಳಲಾರದು.

ಅಂತರ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರನ್ನು ಆಮೇಲೆ ತರಿಸಿದೆ, 280 ರೂಪಾಯಿ. ಇದೂ ಒಳ್ಳೆಯದೇ. ಯಮಹಾ ಸರ್ವಿಸ್ ಮ್ಯಾನುಯಲ್‌ಗಳಲ್ಲಿ ಕಿಡಿ ಕನಿಷ್ಠ 6 ಮಿ.ಮೀ. ಹಾರಬೇಕು ಎಂದಿರುತ್ತದೆ, ಪ್ಲಗ್‌ನ ಗ್ಯಾಪ್ 0.7 ಮಿ.ಮೀ. ಆಸುಪಾಸು ಮಾತ್ರ. ಹಳೇ ಕ್ಯಾಪ್ ಹಾಕಿ 6ಕ್ಕೆ ಇಟ್ಟು ನೋಡಿದೆ, ಒಂದು ಕಿಡಿಯೂ ಹಾರಲಿಲ್ಲ. ಕಿಡಿ ಬಡಕಲು ಅನ್ನುವುದನ್ನು ಇದು ಹೇಳುತ್ತದೆ, ಯಾಕೆ ಬಡಕಲು ಅನ್ನುವುದನ್ನು ಹೇಳುವುದಿಲ್ಲ. ಕಿಕ್ ಹೊಡೆಯುವಾಗ ಪ್ಲಗ್ ತೂತಿಗೆ ಬಟ್ಟೆ ಮುಚ್ಚಿ, ಒಳಗಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಬಲ್ಬ್ ಮಿನುಗುವ ಟೆಸ್ಟರ್ ಬೇಡ, ಅದು ಬಡಕಲು ಕಿಡಿಗೂ ಮಿನುಗುತ್ತದೆ.

ನನಗೆ ಮೀಟರೇ ಸಾಕು ಅನ್ನಿಸಲು ಇನ್ನೊಂದು ಕಾರಣ, ಬೈಕ್ ಬಿಟ್ಟು ಉಳಿದ ದಿನವೂ ಅದು ಕೈಯಲ್ಲಿರುತ್ತದೆ. ಪಂಪ್‌ಸೆಟ್ ಸ್ಟಾರ್ಟರ್, ಐಬೆಕ್ಸ್ ಬೇಲಿಯ (ಕರೆಂಟ್ ಬೇಲಿ) ಬ್ಯಾಟರಿ, ಇನ್ವರ್ಟರ್ ಬ್ಯಾಟರಿ, ಎಲ್ಲಕ್ಕೂ ಅದೇ. ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವವರಿಗೆ, ವರ್ಷಕ್ಕೊಮ್ಮೆ ಇಂಜಿನ್ ಬಿಚ್ಚುವವರಿಗೆ ಗೇಜ್ ಬೇಕೇಬೇಕು. ರಿಂಗೋ ವಾಲ್ವೋ ಎಂದು ತಿಳಿಯಲು ಪ್ಲಗ್ ತೂತಿನಲ್ಲಿ ಸ್ವಲ್ಪವೇ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಮುಳ್ಳು ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಅಂಥವರು ಕೊಳ್ಳುವಾಗ ಹೋಸಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಪ್ಲಗ್ ತೂತಿಗೆ ತಿರುಗಿಸುವ ಕಡೆಯಲ್ಲೇ, ಸೈಕಲ್ ಟ್ಯೂಬಿನ ವಾಲ್ವ್‌ನಲ್ಲಿರುವಂಥ ಸಣ್ಣ ಪಿನ್ ಕಾಣಬೇಕು.